ತಡೆಯುವವನ ಓದು: ಅಲನ್ ಪೇಜ್ ಅವರ ವೃತ್ತಿಜೀವನ

ಆಟದ ಚರಿತ್ರೆಯಲ್ಲಿ ಅಂಕ ಗಳಿಸಿದವನ ಹೆಸರು ಮೊದಲು ಬರುತ್ತದೆ. ಅಂಕ ಗಳಿಸಲು ಬಿಡದವನ ಹೆಸರು ಬಹುಮಟ್ಟಿಗೆ ಬರುವುದೇ ಇಲ್ಲ. ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ ಈ ರೂಢಿಯನ್ನು ಮುರಿದವರು ಅಲನ್ ಪೇಜ್. ಅಲ್ಲಿನ ರಾಷ್ಟ್ರೀಯ ಲೀಗಿನ ಅತ್ಯಮೂಲ್ಯ ಆಟಗಾರನಿಗೆ ಅಸೋಸಿಯೇಟೆಡ್ ಪ್ರೆಸ್ ನೀಡುವ ಪ್ರಶಸ್ತಿ 1971ರಲ್ಲಿ ಅವರಿಗೆ ಸಂದಿತು. ರಕ್ಷಣಾ ಆಟಗಾರನೊಬ್ಬನಿಗೆ ಅದು ದೊರೆತದ್ದು ಅದೇ ಮೊದಲು. ಅನಂತರ 1986ರಲ್ಲಿ ಲಾರೆನ್ಸ್ ಟೇಲರ್ ಅದನ್ನು ಪಡೆದರು. ಮೂರನೆಯ ರಕ್ಷಣಾ ಆಟಗಾರನಿಗೆ ಇದುವರೆಗೆ ಅದು ಒಲಿದಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳು ಪೇಜ್ ಅವರನ್ನು ತಿಳಿಯಬೇಕಾದುದು ಇನ್ನೊಂದು ಕಾರಣಕ್ಕೆ. ದೇಹಬಲದಿಂದ ಕೀರ್ತಿ ಪಡೆದ ಈ ವ್ಯಕ್ತಿ ಕೊನೆಯವರೆಗೂ ನಂಬಿದ್ದು ಓದನ್ನು.

ಮೊದಲು ಆಟದ ಸ್ವರೂಪವನ್ನು ಅರಿಯೋಣ. ಅಮೆರಿಕನ್ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಿನಾಟವಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ, ಎಸೆಯುತ್ತ ಮುನ್ನಡೆಯುವ ಆಟವದು. ಪ್ರತಿ ತಂಡದಿಂದ 11 ಜನ ಕಣದಲ್ಲಿರುತ್ತಾರೆ. ದಾಳಿ ಮಾಡುವ ತಂಡಕ್ಕೆ ನಾಲ್ಕು ಯತ್ನಗಳಿವೆ. ಅಷ್ಟರೊಳಗೆ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನಗಳು ಸಿಗುತ್ತವೆ, ಸಾಗದಿದ್ದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ದಾಳಿಗೊಂದು ಪಡೆ, ರಕ್ಷಣೆಗೊಂದು ಪಡೆ ಎಂದು ಪ್ರತಿ ತಂಡದಲ್ಲಿ ಎರಡು ಬೇರೆ ಗುಂಪುಗಳಿರುತ್ತವೆ. ಕಬಡ್ಡಿಯಲ್ಲಿ ಮರಾಠಿಯವರು ‘ಚಢಾಯಿ’ ಮತ್ತು ‘ಪಕಡ್’ ಎಂದು ಎರಡು ಕೌಶಲಗಳನ್ನು ಬೇರ್ಪಡಿಸಿ ಹೇಳುವುದನ್ನು ನೀವು ಕೇಳಿದ್ದೀರಿ. ಕಬಡ್ಡಿಯಲ್ಲಿ ಒಬ್ಬನೇ ಆಟಗಾರ ಎರಡನ್ನೂ ಮಾಡಬಹುದು. ಇಲ್ಲಿ ‘ಪಕಡ್’ ಎಂಬುದೇ ಕೆಲವರ ಪೂರ್ಣಾವಧಿಯ ವೃತ್ತಿ.

ಪೇಜ್ ಅವರ ಸ್ಥಾನ ‘ಡಿಫೆನ್ಸಿವ್ ಟ್ಯಾಕಲ್’, ಅಂದರೆ ರಕ್ಷಣಾ ಸಾಲಿನ ನಡುಭಾಗ. ಎದುರು ನಿಂತ ದೈತ್ಯದೇಹಿಗಳನ್ನು ಭೇದಿಸಿ, ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಎಸೆಯುವ ಮೊದಲೇ ಅವನನ್ನು ಕೆಡವುವುದು ಆ ಸ್ಥಾನದ ಮುಖ್ಯ ಕೆಲಸ. ಇದಕ್ಕೆ ‘ಸ್ಯಾಕ್’ ಎಂದು ಹೆಸರು. ಲೀಗು ಸ್ಯಾಕ್‌ಗಳನ್ನು ಅಧಿಕೃತವಾಗಿ ಎಣಿಸತೊಡಗಿದ್ದು 1982ರಲ್ಲಿ. ಪೇಜ್ ನಿವೃತ್ತರಾದದ್ದು 1981ರಲ್ಲಿ. ಹೀಗಾಗಿ ಅವರ ದುಡಿಮೆಯ ತಿರುಳೇ ಅಧಿಕೃತ ಲೆಕ್ಕದ ಹೊರಗುಳಿದಿದೆ.

ಪೇಜ್ 1945ರಲ್ಲಿ ಓಹಾಯೊ ರಾಜ್ಯದ ಕ್ಯಾಂಟನ್ ಪಟ್ಟಣದಲ್ಲಿ, ಕಪ್ಪು ಜನಾಂಗದ ಕುಟುಂಬದಲ್ಲಿ ಜನಿಸಿದರು. ವಕೀಲನಾಗಬೇಕೆಂಬುದು ಬಾಲ್ಯದ ಕನಸು. ವೃತ್ತಿಪರ ಫುಟ್‌ಬಾಲಿನ ಕೀರ್ತಿಭವನ ಅದೇ ಊರಿನಲ್ಲಿ ನಿರ್ಮಾಣವಾಗುತ್ತಿದ್ದಾಗ ಅವರು ಹದಿಹರೆಯದ ಹುಡುಗ. ಆ ಕಟ್ಟಡದ ಕಾಮಗಾರಿಯಲ್ಲಿ ಕೂಲಿಯಾಗಿ ದುಡಿದರು. ಮುಂದೆ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದುತ್ತ ಆಡಿದರು. 1967ರಲ್ಲಿ ಮಿನೆಸೋಟ ವೈಕಿಂಗ್ಸ್ ತಂಡ ಅವರನ್ನು ಆಯ್ದುಕೊಂಡಿತು. ನೇರಳೆ ಬಣ್ಣದ ಅಂಗಿ ತೊಟ್ಟ ಆ ತಂಡದ ರಕ್ಷಣಾ ಸಾಲನ್ನು ಪ್ರೇಕ್ಷಕರು ‘ನೇರಳೆ ನರಭಕ್ಷಕರು’ ಎಂಬರ್ಥದ ಹೆಸರಿಟ್ಟು ಕರೆದರು. ತಂಡ ನಾಲ್ಕು ಬಾರಿ ಸೂಪರ್ ಬೌಲ್ ತಲುಪಿ ನಾಲ್ಕೂ ಬಾರಿ ಸೋತಿತು.

ಆಟದ ನಡುವೆ ಕಾನೂನು ಓದಲು ಪೇಜ್ ಮಾಡಿದ ಮೊದಲ ಯತ್ನ ಕೆಲವೇ ವಾರಗಳಲ್ಲಿ ನಿಂತುಹೋಯಿತು. ಎರಡನೆಯ ಸಲ ಮಿನೆಸೋಟ ವಿಶ್ವವಿದ್ಯಾಲಯ ಸೇರಿ, ವೃತ್ತಿಪರ ಆಟವನ್ನೂ ಬಿಡದೆ, 1978ರಲ್ಲಿ ಪದವಿ ಪಡೆದರು. ಅದೇ ಕಾಲಕ್ಕೆ ದೂರದ ಓಟವನ್ನು ರೂಢಿಸಿಕೊಂಡದ್ದರಿಂದ ಅವರ ತೂಕ ಇಳಿದಿತ್ತು. ಭಾರವನ್ನೇ ಬಂಡವಾಳವೆಂದು ಎಣಿಸುವ ಆಟದಲ್ಲಿ ಇದು ಒಪ್ಪಿತವಾಗಲಿಲ್ಲ. 1978ರ ಋತುವಿನ ನಡುವೆಯೇ ವೈಕಿಂಗ್ಸ್ ಅವರನ್ನು ಕೈಬಿಟ್ಟಿತು. ಷಿಕಾಗೊ ಬೇರ್ಸ್ ಕೇವಲ 100 ಡಾಲರ್ ಶುಲ್ಕ ತೆತ್ತು ಸೇರಿಸಿಕೊಂಡಿತು. ಲೀಗಿನ ಅತ್ಯಮೂಲ್ಯ ಆಟಗಾರನೆನಿಸಿದವರ ಮಾರುಕಟ್ಟೆ ಬೆಲೆ ಏಳು ವರ್ಷಗಳಲ್ಲಿ ಇಷ್ಟಕ್ಕೆ ಇಳಿದಿತ್ತು. ಆದರೂ ಇನ್ನೂ ಮೂರು ಋತು ಆಡಿದರು. ಲೀಗಿನಲ್ಲಿ ಸತತ 218 ಪಂದ್ಯಗಳನ್ನು ಒಂದೂ ತಪ್ಪಿಸದೆ ಆಡಿದ ದಾಖಲೆ ಅವರದು.

ಆಟದ ದಿನಗಳ ಒಂದು ಅನುಭವವನ್ನು ಅವರು ಮುಂದೆ ಹಲವೆಡೆ ಸ್ಮರಿಸಿದ್ದಾರೆ. ಪ್ರತಿ ತಂಡಕ್ಕೂ ತನ್ನ ತಂತ್ರಗಳ ಕೈಪಿಡಿ ಇರುತ್ತದೆ. ಅದನ್ನು ಗಟ್ಟಿಯಾಗಿ ಓದುವ ಪ್ರಸಂಗ ಬಂದಾಗ ಕೆಲವು ಸಹ ಆಟಗಾರರಿಗೆ ಓದಲು ಬರುವುದಿಲ್ಲವೆಂಬುದು ಅವರಿಗೆ ಗೊತ್ತಾಯಿತು. ಕಾಲೇಜು ತಂಡಗಳಲ್ಲಿ ಆಡಿ ಮೇಲೆ ಬಂದವರ ಸ್ಥಿತಿ ಇದು. ಕಲಿಸಬೇಕಾದ ಸಂಸ್ಥೆಗಳು ಅವರ ತೋಳ್ಬಲವನ್ನು ಮಾತ್ರ ಬಳಸಿಕೊಂಡು, ಅಕ್ಷರ ಕಲಿಸದೆಯೇ ತರಗತಿಯಿಂದ ತರಗತಿಗೆ ದಾಟಿಸಿದ್ದವು. ತೋಳಿನ ಕಸುವು ಕುಂದಿದ ದಿನ ಅವರ ಕೈಯಲ್ಲಿ ಏನು ಉಳಿಯುತ್ತದೆ ಎಂಬ ಪ್ರಶ್ನೆ ಪೇಜ್ ಅವರನ್ನು ಬಿಡಲಿಲ್ಲ.

1988ರಲ್ಲಿ, ಹುಡುಗನಾಗಿದ್ದಾಗ ಕೂಲಿ ಮಾಡಿದ ಅದೇ ಕೀರ್ತಿಭವನ ಅವರನ್ನು ಬರಮಾಡಿಕೊಂಡಿತು. ಆಟಗಾರರು ಸಾಮಾನ್ಯವಾಗಿ ತರಬೇತುದಾರರಿಂದಲೋ ಸಂಗಡಿಗರಿಂದಲೋ ತಮ್ಮ ಪರಿಚಯ ಮಾಡಿಸುತ್ತಾರೆ; ಪೇಜ್ ಆರಿಸಿಕೊಂಡದ್ದು ಶಾಲೆಯೊಂದರ ಮುಖ್ಯಾಧ್ಯಾಪಕಿಯನ್ನು. ಅಂದಿನ ಭಾಷಣದಲ್ಲಿಯೂ ಅವರು ಒತ್ತಿ ಹೇಳಿದ್ದು ಮಕ್ಕಳ ಶಿಕ್ಷಣದ ವಿಷಯ. ಅದೇ ವರ್ಷ ಪತ್ನಿ ಡಯೇನ್ ಅವರೊಡನೆ ಪೇಜ್ ಶಿಕ್ಷಣ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಅದರಿಂದ ನೆರವು ಪಡೆಯುವ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ನಿಬಂಧನೆಯಿದೆ: ಅವರು ಶಾಲೆಯ ಚಿಕ್ಕ ಮಕ್ಕಳ ಕಲಿಕೆಗೆ ತಮ್ಮ ಸಮಯ ಕೊಡಬೇಕು.

ಮಿನೆಸೋಟದಲ್ಲಿ ನ್ಯಾಯಮೂರ್ತಿಗಳು ಜನರ ಮತದಿಂದ ಆಯ್ಕೆಯಾಗುತ್ತಾರೆ. 1992ರಲ್ಲಿ ಪೇಜ್ ಸ್ಪರ್ಧಿಸಲು ಬಯಸಿದಾಗ, ಹಾಲಿ ನ್ಯಾಯಮೂರ್ತಿಯ ಅವಧಿಯನ್ನು ಗವರ್ನರ್ ವಿಸ್ತರಿಸಿದ್ದರಿಂದ ಚುನಾವಣೆಯೇ ಇಲ್ಲದಾಗುವಂತಿತ್ತು. ಪೇಜ್ ನ್ಯಾಯಾಲಯದ ಮೊರೆಹೋಗಿ ಗೆದ್ದರು; ಬಳಿಕ ಚುನಾವಣೆಯನ್ನೂ ಗೆದ್ದು, ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಪ್ರಥಮ ಕಪ್ಪು ನ್ಯಾಯಮೂರ್ತಿಯಾದರು. ಮೂರು ಬಾರಿ ಮರುಆಯ್ಕೆಗೊಂಡು, 70ನೆಯ ವಯಸ್ಸಿನಲ್ಲಿ, 2015ರಲ್ಲಿ ನಿವೃತ್ತರಾದರು. 2018ರಲ್ಲಿ ರಾಷ್ಟ್ರಾಧ್ಯಕ್ಷರ ಸ್ವಾತಂತ್ರ್ಯ ಪದಕ ಅವರಿಗೆ ಸಂದಿತು. ಮಿನಿಯಾಪೊಲಿಸ್ಸಿನ ಶಾಲೆಯೊಂದು, ಅಲ್ಲಿನ ವಿದ್ಯಾರ್ಥಿಗಳೇ ಮುಂದಾಗಿ ಯತ್ನಿಸಿದ್ದರ ಫಲವಾಗಿ, ಇಂದು ಅವರ ಹೆಸರನ್ನು ಧರಿಸಿದೆ.

ಓದಲು ಬಾರದ ಆ ಆಟಗಾರರ ಸಂಗತಿ ದೂರದೇಶದ ವಿಚಿತ್ರವೆಂದು ನಾವು ಸುಮ್ಮನಾಗುವಂತಿಲ್ಲ. ಪದವಿಪತ್ರಕ್ಕೂ ಓದಿಗೂ ಇರುವ ಅಂತರ ನಮ್ಮಲ್ಲಿಯೂ ಇದೆ. ಪಠ್ಯವನ್ನು ಬಿಟ್ಟು ಮಾರ್ಗದರ್ಶಿಯನ್ನೇ ಉರುಹೊಡೆದು ಉತ್ತೀರ್ಣರಾಗುವವರು ಆ ಅಂತರವನ್ನು ಪ್ರತಿವರ್ಷ ಹಿಗ್ಗಿಸುತ್ತಿದ್ದಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಪರಿಸರದ ಕನ್ನಡ ಶಾಲೆಗಳ ಮಕ್ಕಳು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಾದ ನಿಮ್ಮ ಮನೆಯ ಆಸುಪಾಸಿನಲ್ಲೇ ಇದ್ದಾರೆ. ಪೇಜ್ ಪ್ರತಿಷ್ಠಾನದ ನಿಬಂಧನೆಯನ್ನು ಯಾರೂ ನಿಮಗೆ ವಿಧಿಸಿಲ್ಲ. ಆದರೂ ವಾರಕ್ಕೊಂದು ಗಂಟೆ ಒಂದು ಮಗುವಿನ ಬಳಿ ಕುಳಿತು ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದಿಸಲು ಅಪ್ಪಣೆಯೂ ಬೇಕಿಲ್ಲ, ಅನುದಾನವೂ ಬೇಕಿಲ್ಲ.