ಫೋನಿನ ಮಾತು ಹೋಗುವ ದಾರಿ



ಮಗಳನ್ನು ಮೂಡಲಗಿಗೆ ಕೊಟ್ಟಿದೆ. ತಾಯಿ ಹುಕ್ಕೇರಿಯಲ್ಲಿ ಇದ್ದಾಳೆ. ಮಗಳು ಮೊಬೈಲಿನಲ್ಲಿ 10 ಅಂಕಿ ಒತ್ತುತ್ತಾಳೆ.

"ಯವ್ವಾ, ಆರಾಮ ಅದೀಯೇನ?"

"ಆರಾಮ ಅದೀನಿ ನನ್ನವ್ವಾ. ಊಟ ಆತೇನ?"

ನಡುವೆ ಎಷ್ಟೋ ಊರು, ಹೊಲ, ಕಾಲುವೆ ಇವೆ. ಆದರೂ ಮಾತು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಟ್ಟುತ್ತದೆ. ಅದು ಯಾವ ದಾರಿಯಿಂದ ಹೋಗುತ್ತದೆ? ಯಾರು ಒಯ್ಯುತ್ತಾರೆ? ದಿನಾಲೂ ಕೈಯಲ್ಲಿ ಹಿಡಿಯುವ ವಸ್ತು ಇದು. ಇದರ ಗುಟ್ಟು ನಮಗೂ ತಿಳಿದಿರಬೇಕು. ತಿಳಿದರೆ ಅಂಜಿಕೆ ಹೋಗುತ್ತದೆ. ಮೋಸ ಹೋಗುವುದೂ ತಪ್ಪುತ್ತದೆ.

ಬೆಂಕಿಪೊಟ್ಟಣದ ಫೋನು

ಸಣ್ಣವರಿದ್ದಾಗ ನೀವು ಈ ಆಟ ಆಡಿರಬಹುದು. ಎರಡು ಖಾಲಿ ಬೆಂಕಿಪೊಟ್ಟಣ. ನಡುವೆ ಉದ್ದನೆಯ ದಾರ. ದಾರವನ್ನು ಬಿಗಿಯಾಗಿ ಎಳೆದು ಒಬ್ಬರು ಮಾತಾಡಬೇಕು. ಇನ್ನೊಬ್ಬರು ಕಿವಿಗೆ ಹಿಡಿಯಬೇಕು. ಮಾತು ಕೇಳಿಸುತ್ತದೆ.

ಇದು ಹೇಗೆ? ನಾವು ಮಾತಾಡಿದಾಗ ಗಾಳಿ ಅದುರುತ್ತದೆ. ಪೊಟ್ಟಣ ಅದುರುತ್ತದೆ. ದಾರವೂ ಅದುರುತ್ತದೆ. ಆ ಅದುರುವಿಕೆಯೇ ಧ್ವನಿ. ಆದರೆ ದಾರದಲ್ಲಿ ಅದು ಬಹಳ ದೂರ ಹೋಗುವುದಿಲ್ಲ.

ದೂರ ಕಳಿಸುವ ಉಪಾಯ ಕಂಡುಹಿಡಿದವರಲ್ಲಿ ಮುಖ್ಯರು ಅಲೆಕ್ಸಾಂಡರ್ ಗ್ರಹಾಂ ಬೆಲ್. ಅವರು ಕಿವುಡ ಮಕ್ಕಳಿಗೆ ಕಲಿಸುವ ಶಿಕ್ಷಕರು. ಅವರ ತಾಯಿಗೂ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಧ್ವನಿಯ ಅದುರುವಿಕೆಯನ್ನು ಕರೆಂಟನ್ನಾಗಿ ಮಾಡಿ ಅವರು ತಂತಿಯಲ್ಲಿ ಕಳಿಸಿದರು. ತಂತಿಯ ಆ ತುದಿಯಲ್ಲಿ ಕರೆಂಟು ಮತ್ತೆ ಧ್ವನಿ ಆಯಿತು. ಅಮೆರಿಕದ ಬಾಸ್ಟನ್ ಊರಿನಲ್ಲಿ, 1876ರ ಮಾರ್ಚ್ 10ರಂದು, ಅವರು ಪಕ್ಕದ ಕೋಣೆಯಲ್ಲಿದ್ದ ಸಹಾಯಕನನ್ನು ಫೋನಿನಿಂದಲೇ ಕರೆದರು. ಅವನು ಕೇಳಿಸಿಕೊಂಡು ಎದ್ದು ಬಂದ.

6 ವರ್ಷದೊಳಗೆ ಫೋನು ನಮ್ಮ ದೇಶಕ್ಕೂ ಬಂತು. 1882ರ ಜನವರಿಯಲ್ಲಿ ಕೋಲ್ಕತ್ತ, ಮುಂಬಯಿ, ಚೆನ್ನೈ ನಗರಗಳಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾದವು.

ಲೈನು ಕೂಡಿಸುವವರು

ಊರಲ್ಲಿ 100 ಫೋನು ಇವೆ ಎನ್ನೋಣ. ಒಂದೊಂದು ಮನೆಯಿಂದ ಉಳಿದ ಎಲ್ಲ ಮನೆಗೂ ತಂತಿ ಎಳೆಯಲು ಆಗುತ್ತದೆಯೆ? ಆಗುವುದಿಲ್ಲ. ಅದಕ್ಕೆ ಎಲ್ಲ ತಂತಿಗಳನ್ನು ಒಂದೇ ಕಡೆ ತಂದರು. ಆ ಜಾಗವೇ ಎಕ್ಸ್‌ಚೇಂಜ್. ಅಲ್ಲಿ ಆಪರೇಟರ್ ಕೂತಿರುತ್ತಿದ್ದರು. "ಯಾರ ನಂಬರು ಬೇಕು?" ಎಂದು ಕೇಳುತ್ತಿದ್ದರು. ನಂಬರು ಹೇಳಿದರೆ ಎರಡು ತಂತಿ ಕೂಡಿಸುತ್ತಿದ್ದರು. 1878ರಲ್ಲಿ ಬಾಸ್ಟನ್ನಿನಲ್ಲಿ ಎಮ್ಮಾ ನಟ್ ಎಂಬ ಹೆಣ್ಣುಮಗಳು ಈ ಕೆಲಸಕ್ಕೆ ಸೇರಿದಳು. ಜಗತ್ತಿನ ಮೊದಲ ಮಹಿಳಾ ಆಪರೇಟರ್ ಅವಳೇ. ಮುಂದೆ ಲಕ್ಷಾಂತರ ಹೆಣ್ಣುಮಕ್ಕಳು ಈ ಕೆಲಸ ಮಾಡಿದರು.

ಆದರೆ ಇಲ್ಲಿ ಒಂದು ತೊಡಕು. ನಡುವಿನವರು ಮನಸ್ಸು ಮಾಡಿದರೆ ಮಾತ್ರ ನಿಮ್ಮ ಮಾತು ಹೋಗುತ್ತದೆ. ಅಮೆರಿಕದಲ್ಲಿ ಸ್ಟ್ರೋಜರ್ ಎಂಬಾತ ಇದ್ದ. ಸತ್ತವರ ಅಂತ್ಯಕ್ರಿಯೆಗೆ ಬೇಕಾದುದನ್ನು ಒದಗಿಸುವುದು ಅವನ ಉದ್ಯೋಗ. ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ಬೇರೆ ಅಂಗಡಿಗೆ ಕೊಡುತ್ತಿದ್ದಾರೆ ಎಂದು ಅವನಿಗೆ ಸಂಶಯ ಬಂತಂತೆ. ಸಿಟ್ಟಿನಿಂದ ತಾನೇ ಒಂದು ಯಂತ್ರ ಮಾಡಿದ. 1891ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಆ ಯಂತ್ರ ತಾನಾಗಿಯೇ ತಂತಿ ಕೂಡಿಸುತ್ತಿತ್ತು. ಕರೆ ಮಾಡುವವರೇ ನಂಬರು ಹಾಕಿದರೆ ಸಾಕು. ನಡುವೆ ಯಾರೂ ಬೇಡ.

ನಮ್ಮಲ್ಲಿ ಪರಊರಿಗೆ ಮಾತಾಡಲು ಬಹಳ ವರ್ಷ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ತಾಸುಗಟ್ಟಲೆ ಕಾಯಬೇಕಿತ್ತು. 1960ರಲ್ಲಿ ಲಖನೌ ಮತ್ತು ಕಾನ್ಪುರದ ನಡುವೆ ಎಸ್.ಟಿ.ಡಿ. ಬಂತು. ಆಪರೇಟರನ್ನು ಕೇಳದೆ ನೇರವಾಗಿ ಪರಊರಿಗೆ ಮಾತಾಡುವುದು ಅಂದಿನಿಂದ ನಮ್ಮ ದೇಶದಲ್ಲಿ ಶುರುವಾಯಿತು.

ನಮ್ಮ ಜಿಲ್ಲೆಯ ಹೆಮ್ಮೆ

ಫೋನು ಪಟ್ಟಣದಲ್ಲಿತ್ತು, ಹಳ್ಳಿಯಲ್ಲಿ ಇರಲಿಲ್ಲ. ಪರದೇಶದ ದೊಡ್ಡ ಎಕ್ಸ್‌ಚೇಂಜ್‌ಗಳಿಗೆ ತಂಪು ಕೋಣೆ ಬೇಕು. ನಮ್ಮ ಹಳ್ಳಿಯ ಬಿಸಿಲು, ಧೂಳು ಅವುಗಳಿಗೆ ಆಗಿಬರುವುದಿಲ್ಲ. 1984ರಲ್ಲಿ ಸರಕಾರ ಸಿ-ಡಾಟ್ ಎಂಬ ಸಂಸ್ಥೆ ಕಟ್ಟಿತು. ನಮ್ಮ ದೇಶದ ಎಂಜಿನಿಯರುಗಳು ಹಳ್ಳಿಗೆ ಹೊಂದುವ ಚಿಕ್ಕ ಎಕ್ಸ್‌ಚೇಂಜ್ ಮಾಡಿದರು. ಅದಕ್ಕೆ ತಂಪು ಕೋಣೆ ಬೇಡ.

ಆ ಹಳ್ಳಿ ಎಕ್ಸ್‌ಚೇಂಜನ್ನು ಮೊಟ್ಟಮೊದಲು ಎಲ್ಲಿ ಇಟ್ಟರು ಗೊತ್ತೆ? ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೇ! ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ, 1986ರಲ್ಲಿ. ಅಲ್ಲಿಂದ ಮುಂದೆ ದೇಶದ ಸಾವಿರಾರು ಹಳ್ಳಿಗಳಿಗೆ ಇಂಥ ಎಕ್ಸ್‌ಚೇಂಜ್ ಹೋದವು. ಸಂತೆ ಬೀದಿಯಲ್ಲಿ, ಬಸ್ ನಿಲ್ದಾಣದಲ್ಲಿ ಹಳದಿ ಬೋರ್ಡಿನ ಎಸ್.ಟಿ.ಡಿ. ಅಂಗಡಿ ಬಂದವು. ಓದು ಬಾರದವರು ಚೀಟಿ ತೋರಿಸಿ "ಈ ನಂಬರ್ ಹಚ್ಚಿ ಕೊಡ್ರಿ" ಎಂದು ಕೇಳುತ್ತಿದ್ದರು. ನಿಂತವರ ಮುಂದೆಯೇ ಮನೆಯ ಸುಖ-ದುಃಖ ಹೇಳಬೇಕಿತ್ತು.

ತಂತಿ ಬಿಟ್ಟ ಫೋನು

1973ರ ಏಪ್ರಿಲ್ 3ರಂದು ಮಾರ್ಟಿನ್ ಕೂಪರ್ ಎಂಬ ಎಂಜಿನಿಯರು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಕೈ ಫೋನಿನಿಂದ ಮಾತಾಡಿದರು. ಆ ಫೋನು ಒಂದು ಕಿಲೋಗಿಂತ ಹೆಚ್ಚು ಭಾರ ಇತ್ತು. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಆಯಿತು. ಆಗ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. 2003ರಿಂದ ಬರುವ ಕರೆಗೆ ದುಡ್ಡು ಇಲ್ಲ ಎಂದಾಯಿತು. ಆಮೇಲೆ ಬಡವರ ಮನೆಗೂ ಮೊಬೈಲು ಬಂತು.

ಟವರ್ ಏನು ಮಾಡುತ್ತದೆ?

ಈಗ ಮೂಡಲಗಿ ಮಗಳ ಮಾತಿನ ಹಿಂದೆ ನಾವೂ ಹೋಗೋಣ.

1. ಮಗಳ ಧ್ವನಿ ಫೋನಿನೊಳಗೆ ಕರೆಂಟು ಆಗುತ್ತದೆ. ಫೋನು ಅದನ್ನು 0 ಮತ್ತು 1 ಎಂಬ ಎರಡೇ ಅಂಕಿಗಳಲ್ಲಿ ಬರೆದುಕೊಳ್ಳುತ್ತದೆ.

2. ಆ ಅಂಕಿಗಳು ರೇಡಿಯೋ ಅಲೆಗಳಾಗಿ ಗಾಳಿಗೆ ಹೋಗುತ್ತವೆ. ಅಲೆ ಕಣ್ಣಿಗೆ ಕಾಣುವುದಿಲ್ಲ. ಹತ್ತಿರದ ಟವರ್ ಅದನ್ನು ಹಿಡಿಯುತ್ತದೆ.

3. ಟವರಿನಿಂದ ಮಾತು ಕಂಪನಿಯ ಎಕ್ಸ್‌ಚೇಂಜಿಗೆ ಹೋಗುತ್ತದೆ. ಇಲ್ಲಿ ಬಹಳ ಸಲ ಅದು ನೆಲದೊಳಗಿನ ಗಾಜಿನ ಎಳೆಯಲ್ಲಿ ಬೆಳಕಾಗಿ ಓಡುತ್ತದೆ. ಆ ಎಳೆ ಕೂದಲಿನಷ್ಟು ಸಣ್ಣದು.

4. ಎಕ್ಸ್‌ಚೇಂಜಿನ ಕಂಪ್ಯೂಟರ್ "ಈ ನಂಬರಿನವರು ಎಲ್ಲಿದ್ದಾರೆ?" ಎಂದು ಹುಡುಕುತ್ತದೆ.

5. ಹುಕ್ಕೇರಿಯ ಟವರಿಗೆ ಸುದ್ದಿ ಹೋಗುತ್ತದೆ. ಆ ಟವರ್ ತಾಯಿಯ ಫೋನನ್ನು ಕರೆಯುತ್ತದೆ. ಗಂಟೆ ಬಾರಿಸುತ್ತದೆ.

ಮಾತು ಆಕಾಶದ ಉಪಗ್ರಹಕ್ಕೆ ಹೋಗಿ ಬರುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಇಲ್ಲಿ ಹಾಗಿಲ್ಲ. ಗಾಳಿಯಲ್ಲಿ ಹೋಗುವುದು ಸ್ವಲ್ಪ ದಾರಿ ಮಾತ್ರ.

ತಾಯಿ ಹುಕ್ಕೇರಿಯಲ್ಲಿ ಇದ್ದದ್ದು ಕಂಪ್ಯೂಟರಿಗೆ ಹೇಗೆ ಗೊತ್ತಾಯಿತು? ಚಾಲೂ ಇರುವ ಫೋನು ಸುಮ್ಮನೆ ಕೂರುವುದಿಲ್ಲ. ಆಗಾಗ ಟವರಿಗೆ "ನಾನು ಇಲ್ಲಿದ್ದೇನೆ" ಎಂದು ಹೇಳುತ್ತದೆ. ಕಂಪನಿ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಫೋನು ಯಾರದು ಎಂದು ಹೇಳುವುದು ಸಿಮ್. ಸಿಮ್ ಎಂದರೆ ಫೋನಿನ ರೇಷನ್ ಕಾರ್ಡ್ ಇದ್ದ ಹಾಗೆ.

ಒಂದೊಂದು ಟವರಿನ ಸುತ್ತಲಿನ ಜಾಗಕ್ಕೆ ಸೆಲ್ ಎನ್ನುತ್ತಾರೆ. ಜೇನುಗೂಡಿನ ಕೋಣೆಗಳಂತೆ ಸೆಲ್‌ಗಳು ಒಂದಕ್ಕೊಂದು ಹತ್ತಿಕೊಂಡಿವೆ. ಅದಕ್ಕೇ ಮೊಬೈಲಿಗೆ ಸೆಲ್ ಫೋನ್ ಎಂಬ ಹೆಸರು. ಗೋಕಾಕದಿಂದ ಮೂಡಲಗಿ ಬಸ್ಸಿನಲ್ಲಿ ಮಾತಾಡುತ್ತ ಹೊರಟರೆ ಒಂದು ಟವರ್ ಹಿಂದೆ ಬೀಳುತ್ತದೆ. ಮುಂದಿನ ಟವರ್ ಮಾತನ್ನು ಕೈಗೆ ತೆಗೆದುಕೊಳ್ಳುತ್ತದೆ. ಕೂಸನ್ನು ಒಬ್ಬರ ಕಂಕುಳಿಂದ ಇನ್ನೊಬ್ಬರು ಎತ್ತಿಕೊಂಡ ಹಾಗೆ. ನಮಗೆ ಅದು ತಿಳಿಯುವುದೇ ಇಲ್ಲ.

"ಫೋನ್ ಹತ್ತವಲ್ದು!"

ಒಮ್ಮೊಮ್ಮೆ ಫೋನು ಹತ್ತುವುದಿಲ್ಲ. ಇದಕ್ಕೆ ಕಾರಣಗಳಿವೆ.

ಗುಡ್ಡ ಅಡ್ಡ ಬಂದರೆ ಅಲೆ ಸೋಲುತ್ತದೆ. ಗೋಕಾಕ ಫಾಲ್ಸ್ ನೋಡಿದ್ದೀರಲ್ಲ? ಘಟಪ್ರಭೆ ಅಲ್ಲಿ ಸುಮಾರು 170 ಅಡಿ ಕೆಳಗೆ ಬೀಳುತ್ತಾಳೆ. ಅಂಥ ಆಳದ ಕಣಿವೆಯಲ್ಲಿ ಇಳಿದರೆ ಬಂಡೆ ಅಡ್ಡವಾಗುತ್ತದೆ. ಎತ್ತರಕ್ಕೆ, ಬಯಲಿಗೆ ಬಂದರೆ ರೇಂಜ್ ಸಿಗಬಹುದು.

ಜಾತ್ರೆಯಲ್ಲಿ ಸಾವಿರಾರು ಜನ ಒಮ್ಮೆಲೇ ಫೋನು ಹಚ್ಚುತ್ತಾರೆ. ಒಂದು ಟವರ್ ಒಮ್ಮೆಗೆ ಇಷ್ಟೇ ಕರೆ ಹೊರಬಲ್ಲದು. ಆಗ ಸಣ್ಣ ಮೆಸೇಜು ಕಳಿಸಿರಿ. ಅದಕ್ಕೆ ಕಡಿಮೆ ಜಾಗ ಸಾಕು.

ಟವರಿಗೂ ಕರೆಂಟು ಬೇಕು. ಕರೆಂಟು ಹೋದರೆ ಬ್ಯಾಟರಿ ಸ್ವಲ್ಪ ಹೊತ್ತು ನಡೆಸುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದೊಳಗೆ ನೀರು ನುಗ್ಗಿತ್ತು. ಹೊಳೆ ದಂಡೆಯ ಅಕ್ಕಂದಿರೇ, ಮಳೆಗಾಲದಲ್ಲಿ ಫೋನು ಚಾರ್ಜ್ ಮಾಡಿ ಇಡಿರಿ. ಬೇಕಾದ ನಂಬರುಗಳನ್ನು ಹಾಳೆಯಲ್ಲಿಯೂ ಬರೆದಿಡಿರಿ. ಫೋನು ಸತ್ತರೂ ಹಾಳೆ ಇರುತ್ತದೆ.

ದಾರಿ ಸುಳ್ಳು-ಖರೆ ನೋಡುವುದಿಲ್ಲ

ಟವರ್ ಮಾತನ್ನು ಒಯ್ಯುತ್ತದೆ. ಮಾತು ಖರೆಯೋ ಸುಳ್ಳೋ ಎಂದು ನೋಡುವುದಿಲ್ಲ. "ಬ್ಯಾಂಕಿನಿಂದ ಮಾತಾಡ್ತೀನ್ರಿ. ನಿಮ್ಮ ಖಾತೆ ಬಂದ್ ಆಗ್ತೈತಿ. ಮೆಸೇಜಿನ್ಯಾಗ ಬಂದ ನಂಬರ್ ಹೇಳ್ರಿ" ಎಂದು ಯಾರೋ ಹೇಳುತ್ತಾರೆ. ಆ ನಂಬರು ಓ.ಟಿ.ಪಿ. ಅದು ನಿಮ್ಮ ತಿಜೋರಿಯ ಕೀಲಿಕೈ. ಯಾರಿಗೂ ಹೇಳಬಾರದು. ನಿಜವಾದ ಬ್ಯಾಂಕಿನವರು ಅದನ್ನು ಫೋನಿನಲ್ಲಿ ಕೇಳುವುದಿಲ್ಲ. ಫೋನು ಇಟ್ಟುಬಿಡಿರಿ. ಬ್ಯಾಂಕಿಗೆ ಹೋಗಿ ನೀವೇ ಕೇಳಿರಿ.

ಸಿಮ್ ನಿಮ್ಮ ಹೆಸರಿನಲ್ಲೇ ಇರಲಿ. ಬಂದ ಮೆಸೇಜನ್ನು ನೀವೇ ಓದಿರಿ. ಹಿಂದೆ ನಡುವೆ ಆಪರೇಟರ್ ಬೇಕಿತ್ತು. ಚೀಟಿ ಓದುವವರು ಬೇಕಿತ್ತು. ಈಗ ಅಂಕಿ ನಿಮಗೆ ಬರುತ್ತದೆ, ಅಕ್ಷರವೂ ಬರುತ್ತದೆ. ನಡುವಿನವರು ಬೇಡ.

ಈ ನಂಬರು ಬರೆದಿಡಿರಿ

112 – ಪೊಲೀಸ್, ಬೆಂಕಿ, ಯಾವುದೇ ಆಪತ್ತು
108 – ಆಂಬುಲೆನ್ಸ್
181 – ಮಹಿಳೆಯರ ಸಹಾಯವಾಣಿ
1098 – ಮಕ್ಕಳ ಸಹಾಯವಾಣಿ
1930 – ಫೋನಿನಿಂದ ಹಣದ ಮೋಸ ಆದರೆ ಕೂಡಲೇ

ಮಾತನಾಡಿರಿ, ಮಾಡಿ ನೋಡಿರಿ

1. ಹಳ್ಳಿ ಎಕ್ಸ್‌ಚೇಂಜ್ ಮೊದಲು ಯಾವ ಊರಿನಲ್ಲಿ ಬಂತು? ಯಾವ ವರ್ಷ?
2. ನಿಮ್ಮ ಊರಿನಲ್ಲಿ ಎಲ್ಲಿ ರೇಂಜ್ ಸಿಗುವುದಿಲ್ಲ? ಏಕೆ ಇರಬಹುದು?
3. ಓ.ಟಿ.ಪಿ. ಕೇಳಿದವರಿಗೆ ಏನು ಹೇಳುತ್ತೀರಿ? ಇಬ್ಬಿಬ್ಬರು ಸೇರಿ ಆಡಿ ತೋರಿಸಿರಿ.
4. ನಿಮ್ಮ ಫೋನ್ ನಂಬರನ್ನು ಇಲ್ಲಿ ನೀವೇ ಬರೆಯಿರಿ: __ __ __ __ __ __ __ __ __ __