ರಾಗಿಗೆ ಹುಳ ಏಕೆ ಬೀಳುವುದಿಲ್ಲ?

ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಸೀಮೆ. ಭಾರತಕ್ಕೆ ಬಂದ ಮೇಲೆ ಅದು ಮಳೆಯನ್ನೇ ನೆಚ್ಚಿದ ಹೊಲಗಳಿಗೆ ಚೆನ್ನಾಗಿ ಒಗ್ಗಿಕೊಂಡಿತು. ಹನೂರು ತಾಲ್ಲೂಕಿನ ಗೋಪಿನಾಥಂನಂಥ ಕಾಡಂಚಿನ ಊರುಗಳಲ್ಲಿ ತೆನೆ ಬಲಿಯುವ ಹೊತ್ತಿಗೆ ಅದಕ್ಕೆ ಆನೆಗಳ ಕಾಟ. ಆನೆಯಿಂದ ಉಳಿಸಿಕೊಂಡ ಕಾಳನ್ನು ಹುಳದಿಂದ ಉಳಿಸಲು ಮಾತ್ರ ರೈತರು ಅಷ್ಟು ಹೆಣಗಬೇಕಿಲ್ಲ.

ಅಕ್ಕಿ, ಗೋಧಿ, ಜೋಳಗಳನ್ನು ಪುಡಿಗಟ್ಟುವ ಸೊಂಡಿಲು ಕೀಟದ ಬದುಕಿನಲ್ಲೇ ಇದರ ಗುಟ್ಟಿದೆ. ಹೆಣ್ಣು ಕೀಟ ಕಾಳಿಗೆ ಸಣ್ಣ ರಂಧ್ರ ಕೊರೆದು, ಮೊಟ್ಟೆಯಿಟ್ಟು, ರಂಧ್ರದ ಬಾಯಿ ಮುಚ್ಚುತ್ತದೆ. ಮರಿಹುಳ ಆ ಕಾಳಿನೊಳಗೇ ತಿಂದು, ಕೋಶವಾಗಿ, ರೆಕ್ಕೆ ಬಲಿತ ಮೇಲೆಯೇ ಹೊರಬೀಳುತ್ತದೆ. ಬೆಳೆದ ಕೀಟದ ಉದ್ದ 2ರಿಂದ 3 ಮಿಲಿಮೀಟರ್; ರಾಗಿ ಕಾಳಿನ ಅಡ್ಡಳತೆ 2 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಹುಳಕ್ಕೆ ಅದರೊಳಗೆ ಜಾಗವೇ ಇಲ್ಲ! ಕಾಳಿನ ಗಾತ್ರದ ಜೊತೆಗೆ ಅದರ ಹೊದಿಕೆಯೂ ಕಾವಲಿಗಿದೆ. ರಾಗಿಯನ್ನು ಅಂಗೈಯಲ್ಲಿ ತಿಕ್ಕಿದರೆ ತೆಳುವಾದ ಪೊರೆಯೊಂದು ಸುಲಭವಾಗಿ ಕಳಚಿಕೊಳ್ಳುತ್ತದೆ. ಅದರ ಕೆಳಗಿನ ಕೆಂಗಂದು ಸಿಪ್ಪೆಯಲ್ಲಿ ಐದು ಪದರಗಳಿದ್ದು, ಒಗರು ರುಚಿಯ ಟ್ಯಾನಿನ್‌ನಂಥ ರಾಸಾಯನಿಕಗಳು ತುಂಬಿವೆ.

ಈ ಗುಣದಿಂದಲೇ ಹಳೇ ಮೈಸೂರು ಸೀಮೆಯವರು ರಾಗಿಯನ್ನು ಹಗೇವು ಎಂಬ ನೆಲದಡಿಯ ಕಣಜದಲ್ಲಿ ವರ್ಷಗಟ್ಟಲೆ ಇಟ್ಟು ಬರಗಾಲ ದಾಟುತ್ತಿದ್ದರು. ಕಾಳು ಜೀವಂತ, ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಕರಗಿ ಇಂಗಾಲದ ಡೈಆಕ್ಸೈಡ್ ತುಂಬುವುದರಿಂದ ಹುಳಕ್ಕೆ ಉಳಿಗಾಲವಿಲ್ಲ. ತೆರೆದ ಕೂಡಲೇ ಇಳಿದರೆ ಮನುಷ್ಯರಿಗೂ ಅಪಾಯ. ಹಿರಿಯರು ಮೊದಲು ದೀಪ ಇಳಿಸಿ, ಅದು ಆರದಿದ್ದರಷ್ಟೇ ತಾವು ಇಳಿಯುತ್ತಿದ್ದರು. ಅನುಭವದಿಂದ ಕಂಡುಕೊಂಡ ಅಪ್ಪಟ ವಿಜ್ಞಾನವಿದು.

ಕಾಳನ್ನು ಕಾಯುವ ಸಿಪ್ಪೆ ತಿನ್ನುವವರಿಗೂ ಒಳ್ಳೆಯದೇ; ಆದರೂ ಹಿಟ್ಟು ಬೆಳ್ಳಗಿದ್ದಷ್ಟೂ ಮೇಲು ಎಂಬ ತಪ್ಪು ನಂಬಿಕೆ ಈಗ ಹಬ್ಬಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 10. ರಾಗಿಯ ಕ್ಯಾಲ್ಸಿಯಂ ಮತ್ತು ನಾರಿನ ದೊಡ್ಡ ಪಾಲು ಇರುವುದು ಆ ಕಂದು ಸಿಪ್ಪೆಯಲ್ಲೇ. ನುಣ್ಣಗಿನ ಬಿಳಿ ಹಿಟ್ಟಿನ ಆಸೆಗೆ ತೌಡನ್ನು ಜರಡಿ ಹಿಡಿದು ಚೆಲ್ಲುವುದು ರಾಗಿಯ ಸತ್ವವನ್ನೇ ಚೆಲ್ಲಿದಂತೆ.

ಸಿಪ್ಪೆಯಲ್ಲಿರುವ ಟ್ಯಾನಿನ್ ಮತ್ತು ಫೈಟೇಟ್ ಖನಿಜಗಳನ್ನು ಸ್ವಲ್ಪಮಟ್ಟಿಗೆ ಹಿಡಿದಿಡುವುದು ನಿಜ. ಅದಕ್ಕೆ ಪರಿಹಾರ ಮೊಳಕೆ ಕಟ್ಟುವುದು. ಮೊಳೆತಾಗ ಇವೆರಡೂ ತಗ್ಗುತ್ತವೆ, ಪಿಷ್ಟವೂ ಸುಲಭವಾಗಿ ಜೀರ್ಣವಾಗುತ್ತದೆ. ಮಕ್ಕಳಿಗೆ ರಾಗಿ ಸರಿ ಮಾಡುವ ತಾಯಂದಿರು ಕಾಳನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿಯುವುದು ಇದಕ್ಕೇ. ಹುಳದ ವಿಷಯದಲ್ಲಿ ಒಂದು ಎಚ್ಚರ ಬೇಕು: ಬೀಸಿದ ಮೇಲೆ ಈ ರಕ್ಷಣೆ ಇರುವುದಿಲ್ಲ, ಹಿಟ್ಟಿಗೆ ಹುಳ ಬೀಳುತ್ತದೆ. ಒಣಗಿದ ಕಾಳನ್ನು ಕೂಡಿಟ್ಟುಕೊಂಡು, ಬೇಕಾದಷ್ಟನ್ನೇ ಆಗಾಗ ಬೀಸಿಸಿಕೊಳ್ಳುವುದು ಲೇಸು.