ಒಂದೇ ಪದ, ದಮ್ಮಡಿಗೂ ಗಿಟಾರಿಗೂ

ಧಾರವಾಡದ ಹಾಸ್ಟೆಲ್‌ನಲ್ಲಿ ಒಂದು ರಾತ್ರಿ ರೂಮ್‌ಮೇಟ್ ರಘು ದೀಕ್ಷಿತ್ ಹಾಡು ಹಚ್ಚಿದ್ದ. ‘ಗುಡುಗುಡಿಯ ಸೇದಿ ನೋಡೋ’. ಗಿಟಾರು, ಡ್ರಮ್ಸು ಕೂಡಿ ರೂಮೆಲ್ಲ ಕುಣಿಯುವಂತಿತ್ತು. ‘ಇದು ನಮ್ಮ ಕಡೆ ಪದ ಲೇ, ಶರೀಫಜ್ಜಂದು’ ಎಂದು ಎದೆ ಉಬ್ಬಿಸಿದೆ. ‘ಹೌದಾ? ಹಂಗಾರ ಮುಂದಿಂದು ನೀನ ಹಾಡು’ ಅಂದ. ಬಾಯಿಗೆ ಒಂದು ಸಾಲೂ ಬರಲಿಲ್ಲ.

ನಮ್ಮದು ಸವಣೂರು ತಾಲ್ಲೂಕಿನ ಹತ್ತಿಮತ್ತೂರು. ಶರೀಫರು (1819–1889) ಪಕ್ಕದ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದವರು. ಕೆಲಕಾಲ ಶಾಲಾ ಮಾಸ್ತರರಾಗಿದ್ದು, ಗುರು ಗೋವಿಂದ ಭಟ್ಟರ ಶಿಷ್ಯರಾದವರು. ಅವರ ಪದಗಳು ಭಜನಾ ಮೇಳಗಳಲ್ಲಿ ಬಾಯಿಂದ ಬಾಯಿಗೆ ಉಳಿದವು. ಸಿ. ಅಶ್ವತ್ಥ್ ದನಿಯಲ್ಲಿ, 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾದಲ್ಲಿ ನಾಡಿಗೆಲ್ಲ ಮುಟ್ಟಿದವು.

ಸಿನಿಮಾಕ್ಕೆ ಸೇರದ ಹಾಡು ನಮ್ಮಲ್ಲಿ ಬದುಕುವುದು ಕಷ್ಟ. ಜಾತ್ರೆಯ ರಸಮಂಜರಿಯಲ್ಲೂ ಜನ ಕೇಳುವುದು ಸಿನಿಮಾ ಹಾಡೇ. ಅದರ ನಡುವೆ ಮೈಕ್ರೊಬಯಾಲಜಿ ಓದಿದ ಮೈಸೂರಿನ ಹುಡುಗ ರಘು ದೀಕ್ಷಿತ್ 2008ರಲ್ಲಿ ತಮ್ಮ ಬ್ಯಾಂಡಿನ ಮೊದಲ ಆಲ್ಬಂ ತಂದರು. ಲುಂಗಿ ಉಟ್ಟು, ಗೆಜ್ಜೆ ಕಟ್ಟಿ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ, ಮರುವರ್ಷ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ಅವರ ತಮ್ಮ ವಾಸು ದೀಕ್ಷಿತ್ ‘ಸ್ವರಾತ್ಮ’ ಬ್ಯಾಂಡಿನೊಂದಿಗೆ ಜಾನಪದಕ್ಕೆ ರಾಕ್ ಬೆರೆಸಿದರು. ಚೀನಾದಲ್ಲೂ ಇಂಥದೇ ಕಥೆ ಇದೆ. ಬೀಜಿಂಗ್‌ನಲ್ಲಿ ಪಂಕ್ ಹಾಡುತ್ತಿದ್ದ ಇಲ್ಚಿ, ಒಳಮಂಗೋಲಿಯಾಕ್ಕೆ ಹೋಗಿ ಗಂಟಲಿನಿಂದ ಹಾಡುವ ಹಳೆಯ ಪದ್ಧತಿ ಕಲಿತು, 2004ರಲ್ಲಿ ‘ಹಾಂಗೈ’ ಬ್ಯಾಂಡ್ ಕಟ್ಟಿದ. ಕಲಿಸುವವರು ಊರಲ್ಲಿ ಇನ್ನೂ ಇದ್ದರು, ಅದಕ್ಕೇ ಅವನು ಕಲಿತ.

ನಮ್ಮೂರಲ್ಲಿ ಎಷ್ಟು ಜನ ಇದ್ದಾರೆ? ರಜೆಗೆ ಬಂದವನೇ ಸೋಮವಾರ ರಾತ್ರಿ ಗುಡಿಗೆ ಹೋದೆ. ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ. ಒಟ್ಟು ಐದು ಮಂದಿ. ಎಲ್ಲರಿಗಿಂತ ಸಣ್ಣವರಿಗೇ ಐವತ್ತು ದಾಟಿದೆ. ಮೊಬೈಲಿನಲ್ಲಿ ರಘು ದೀಕ್ಷಿತ್ ಹಾಡು ಕೇಳಿಸಿದೆ. ದಮ್ಮಡಿ ಬಾರಿಸುವ ಅಜ್ಜಾರು ಕಣ್ಣುಮುಚ್ಚಿ ಪೂರ್ತಿ ಕೇಳಿದರು. ‘ಧಾಟಿ ಬ್ಯಾರೆ ಐತಿ. ಇರ್‍ಲಿ, ಹಾಡ್ತಾನಲ್ಲ! ನೀ ಯಾಕ ಹಾಡವಲ್ಲಿ ತಮ್ಮಾ?’ ಎಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಈ ಐವರಿಗೆ ಟಿಕೆಟ್ ಇಲ್ಲ, ಸಂಭಾವನೆ ಇಲ್ಲ. ಹೊಲದಿಂದ ಬಂದು, ಉಂಡು, ಹಾಡಲು ಕೂರುತ್ತಾರೆ. ಸ್ವತಂತ್ರ ಸಂಗೀತ ಎಂದರೆ ಬೆಂಗಳೂರಿನ ಬ್ಯಾಂಡ್ ಎಂದಷ್ಟೇ ತಿಳಿದಿದ್ದ ನನಗೆ ಆ ರಾತ್ರಿ ಇವರೂ ಅದೇ ಸಾಲಿನವರು ಅನ್ನಿಸಿತು. ಬ್ಯಾಂಡುಗಳು ಪದವನ್ನು ದೂರ ಒಯ್ಯಬಲ್ಲವು. ಆದರೆ ಅವು ಒಯ್ಯುವುದು ಒಂದೆರಡು ಪದ ಮಾತ್ರ. ಉಳಿದವು ಈ ಐವರ ನೆನಪಿನಲ್ಲಿವೆ. ಅವರ ಧಾಟಿ ಯಾವ ಪುಸ್ತಕದಲ್ಲೂ ಸಿಗದು.

ಈಗ ಪ್ರತಿ ಸೋಮವಾರ ನೋಟ್‌ಬುಕ್ ಹಿಡಿದು ಹೋಗುತ್ತೇನೆ. ಪದ ಬರೆದುಕೊಳ್ಳುತ್ತೇನೆ, ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತೇನೆ, ಹಾಡಿದವರ ಹೆಸರನ್ನು ಮರೆಯದೆ ಸೇರಿಸುತ್ತೇನೆ. ಕಳೆದ ವಾರ ಅಜ್ಜಾರು ನೋಟ್‌ಬುಕ್ ಬದಿಗಿಡಿಸಿ ಕೈಗೆ ತಾಳ ಕೊಟ್ಟರು. ಎರಡು ಸಲ ಲಯ ತಪ್ಪಿತು. ಯಾರೂ ನಗಲಿಲ್ಲ, ಮೊದಲಿಂದ ಹಿಡಿದರು.

ಹಾಸ್ಟೆಲ್‌ಗೆ ಮರಳುವಷ್ಟರಲ್ಲಿ ಆ ಮುಂದಿನ ಸಾಲು ಕಲಿಯಬೇಕು. ರೂಮ್‌ಮೇಟ್‌ನ ಬಾಕಿ ಒಂದಿದೆಯಲ್ಲ!